ಅಂಬಿಗನ ಹೆಸರಿನಲ್ಲಿ

ಮೋರ್ಕಮ್
೪ ಫೆಬ್ರವರಿ ೧೯೮೬

ಬೆರಿಲ್,

ನನ್ನ ಕೈಬರಹ ನೋಡಿ ನೀನು ಲಕೋಟೆ ಒಡೆಯದೆ ಎತ್ತಿಡಬಹುದು ಎಂದುಕೊಂಡಿದ್ದೆ. ಒಡೆದಿದ್ದೀಯ. ಹಾಗಾದರೆ ಕೂತು ಓದು. ಯಾರೂ ಸತ್ತಿಲ್ಲ. ಸತ್ತಿದ್ದರೆ ಫೋನ್ ಮಾಡುತ್ತಿದ್ದೆ.

ವಿಷಯ ನಿನ್ನ ಅಪ್ಪನದು. ಹೊಸ ವರ್ಷ ಕಳೆದ ಮೇಲೆ ಅವರು ಒಂದು ಪದಬಂಧ ಕಟ್ಟಿ ಮುಗಿಸಿ ಎಂದಿನಂತೆ ನನ್ನ ಮುಂದಿಟ್ಟರು. ಅಂಬಿಗ ಎಂಬ ಹೆಸರಿನಲ್ಲಿ ಅವರು ಕಟ್ಟಿದ ಯಾವ ಪದಬಂಧವೂ ನಾನು ಬಿಡಿಸದೆ ಈ ಮನೆಯಿಂದ ಪತ್ರಿಕೆಗೆ ಹೋದದ್ದಿಲ್ಲ, ಅದು ನಿನಗೂ ಗೊತ್ತು. ನನ್ನಿಂದ ಬಿಡಿಸಲಾಗದ್ದು ಕಷ್ಟದ ಸುಳಿವು. ಬಿಡಿಸಿದ ಮೇಲೂ ಒಪ್ಪಲಾಗದ್ದು ಮೋಸದ ಸುಳಿವು. ಮೋಸದ್ದನ್ನು ಅವರು ಮರುಮಾತಿಲ್ಲದೆ ಹರಿದುಹಾಕುತ್ತಿದ್ದರು.

ಆ ದಿನ ಪೆನ್ಸಿಲ್ ಹಿಡಿದವಳು ಚಹಾ ಆರುವ ಮೊದಲೇ ಮುಗಿಸಿಬಿಟ್ಟೆ. ಯೋಚಿಸುವ ಕೆಲಸವೇ ಬರಲಿಲ್ಲ, ಕೈ ತಾನಾಗಿ ಬರೆಯಿತು. ಕೊನೆಯ ಮನೆ ತುಂಬುವಾಗ ಗೊತ್ತಾಯಿತು. ಇದನ್ನು ನಾನು ಹಿಂದೆಯೇ ಬಿಡಿಸಿದ್ದೇನೆ. ನಿನಗೆ ದಡಾರ ಬಂದಿದ್ದ ಚಳಿಗಾಲದಲ್ಲಿ, ನಿನ್ನ ಮಂಚದ ಪಕ್ಕ ಕೂತು. ಅಟ್ಟದಿಂದ ಹಳೆಯ ಪತ್ರಿಕೆ ಇಳಿಸಿ ನೋಡಿದೆ. ಕಪ್ಪು ಮನೆ, ಬಿಳಿ ಮನೆ, ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ, ಅಲ್ಪವಿರಾಮಗಳು ಕೂಡ ಅವೇ. ನೋಡಿ ಬರೆದದ್ದಲ್ಲ. ದಿನಗಟ್ಟಲೆ ಕೂತು, ನಿಘಂಟು ತಿರುವಿ, ಹೊಸದೆಂದೇ ತಿಳಿದು ಕಟ್ಟಿದ್ದರು.

"ಹೇಗಿದ್ಯೇ ಎಸ್ತರ್?" ಎಂದರು.

"ಚೆನ್ನಾಗಿದೆ" ಎಂದೆ.

"ಬರೀ ಚೆನ್ನಾಗಿದೆಯಾ? ಹದಿನಾಲ್ಕನೇದು ನೋಡ್ದ್ಯಾ ಇಲ್ವಾ? ಅದು ಹೊಳೆದಾಗ ಸ್ನಾನ ಮಾಡ್ತಿದ್ದೆ, ಸೋಪು ಕೈಯಿಂದ ಜಾರಿಹೋಯ್ತು!"

ಸೋಪಿನ ಮಾತನ್ನೂ ಆ ದಡಾರದ ಚಳಿಗಾಲದಲ್ಲೇ ಹೇಳಿದ್ದರು.

ಅದನ್ನು ನಾನು ಕಳಿಸಲಿಲ್ಲ. ಅದರ ನಂತರದ್ದನ್ನು ಅವರೇ ಹೋಗಿ ಅಂಚೆಗೆ ಹಾಕಿಬಂದರು. ಪದಬಂಧದ ಸಂಪಾದಕರು ಮಿಸ್ಟರ್ ಸೋವರ್‌ಬಿ ಅದನ್ನು ವಾಪಸು ಕಳಿಸಿದರು. ಎರಡು ಸುಳಿವುಗಳಿಗೆ ಚೌಕದಲ್ಲಿ ಜಾಗವೇ ಇಲ್ಲ, ಒಂದು ಉತ್ತರ ತನ್ನ ಮನೆಗಳಲ್ಲಿ ಹಿಡಿಯುವುದೇ ಇಲ್ಲ. ಆ ಲಕೋಟೆಯನ್ನು ನಾನು ಅವರ ಕೈಗೆ ಕೊಡಲಿಲ್ಲ. ಡಾಕ್ಟರು ಹೇಳುವುದೇನೆಂದರೆ, ನೆನಪು ಹೋಗುತ್ತಿದೆ, ಹೋದದ್ದು ಬರುವುದಿಲ್ಲ.

ಸೋವರ್‌ಬಿಯವರ ಹತ್ತಿರ ಉಳಿದಿರುವ ಪದಬಂಧಗಳು ಜೂನ್‌ವರೆಗೆ ಬರುತ್ತವೆ. ಆಮೇಲೆ ಇಲ್ಲ. ನಿನ್ನ ಅಪ್ಪ ಬೆಳಿಗ್ಗೆ ತಿಂದದ್ದನ್ನು ಮರೆಯುತ್ತಾರೆ, ಆದರೆ ಗುರುವಾರವನ್ನು ಮರೆತಿಲ್ಲ. ಗುರುವಾರದ ಪತ್ರಿಕೆಯಲ್ಲಿ ಚೌಕದ ಮೇಲೆ ಅಂಬಿಗ ಎಂಬ ಹೆಸರು ಕಾಣದಿದ್ದರೆ ಅವರಿಗೆ ಎಲ್ಲವೂ ಅರ್ಥವಾಗುತ್ತದೆ. ಅದು ಅವರಿಗೆ ಅರ್ಥವಾಗಕೂಡದು.

ಅವರು ಕಟ್ಟಿದ್ದನ್ನು ನಿನಗೆ ಕಳಿಸುತ್ತೇನೆ. ನೀನು ಸರಿಪಡಿಸಿ ಕೊಡಬೇಕು. ಬೇಡಿಕೊಳ್ಳುತ್ತಿಲ್ಲ. ಹೇಳುತ್ತಿದ್ದೇನೆ.

ಎಸ್ತರ್ ಕ್ರಾಬ್‌ಟ್ರೀ


ನಾರಿಚ್
೧೧ ಫೆಬ್ರವರಿ ೧೯೮೬

ಅಮ್ಮ,

ಪತ್ರ ಓದಿ ಆ ದಿನ ಕೆಲಸಕ್ಕೆ ಹೋಗಲಿಲ್ಲ. ಅಪ್ಪನ ಬಗ್ಗೆ ಏನು ಬರೆಯಬೇಕೋ ತಿಳಿಯುತ್ತಿಲ್ಲ, ಅದಕ್ಕೆ ನೀನು ಕೇಳಿದ್ದಕ್ಕಷ್ಟೇ ಉತ್ತರಿಸುತ್ತೇನೆ.

ಆಗುವುದಿಲ್ಲ.

ಕಾರಣ ನಿನಗೆ ನನಗಿಂತ ಚೆನ್ನಾಗಿ ಗೊತ್ತು. ಚೌಕದ ಮೇಲಿನ ಹೆಸರು ಸುಳ್ಳಿರಬಹುದು, ಅದರ ಹಿಂದಿನ ಕೈ ಸುಳ್ಳಾಗಬಾರದು. ಅಂಬಿಗನ ಮುಖ ಕಾಣದೆಯೇ ಜನ ಅರ್ಧ ಆಯುಸ್ಸು ಅವನೆದುರು ಕೂತಿದ್ದಾರೆ. ಅವನು ಎಲ್ಲಿ ಗುಂಡಿ ತೋಡುತ್ತಾನೆ, ಎಲ್ಲಿ ಕೈಹಿಡಿದು ದಾಟಿಸುತ್ತಾನೆ ಎಂದು ಅವರಿಗೆ ತಿಳಿದಿದೆ. ಅಲ್ಲಿ ಬೇರೊಬ್ಬಳು ಹೋಗಿ ಕೂರುವುದೆ? "ಸುಳಿವಿನಲ್ಲಿ ಸುಳ್ಳು ಹೇಳು, ಮೋಸ ಮಾಡಬೇಡ" ಎಂದು ಊಟದ ಮೇಜಿನಲ್ಲಿ ನನಗೆ ಕಲಿಸಿದ್ದು ಅಪ್ಪನೇ.

ಅದೇ ಮೇಜಿನಲ್ಲಿ, ನನ್ನ ಮೊದಲ ಪದಬಂಧ ಬೇರೊಂದು ಪತ್ರಿಕೆಯಲ್ಲಿ ಬಂದ ಭಾನುವಾರ, ಪಾದ್ರಿಗಳ ಮುಂದೆ, ಚಿಕ್ಕಮ್ಮನ ಮುಂದೆ ನೀನು ಹೇಳಿದ್ದು: "ಈ ಮನೆಗೆ ಒಂದು ಹೆಸರು ಸಾಕು." ಅಪ್ಪ ಬಟಾಣಿ ಬಡಿಸಿಕೊಳ್ಳುತ್ತಿದ್ದರು. ತಲೆ ಎತ್ತಲಿಲ್ಲ. ಸಾಕು ಎಂದವಳು ನೀನು. ಈಗ ಆ ಒಂದು ಹೆಸರನ್ನು ನಾನು ಹೊರಬೇಕೆ?

ಒಂದು ಪ್ರಶ್ನೆ. ಈ ಎಲ್ಲ ವರ್ಷಗಳಲ್ಲಿ ಅಪ್ಪ ನನ್ನದೊಂದು ಪದಬಂಧವನ್ನಾದರೂ ಬಿಡಿಸಿದ್ದಾರೆಯೆ? ಇದಕ್ಕೆ ಉತ್ತರ ಬರೆ.

ಬೆರಿಲ್


ಮೋರ್ಕಮ್
೧೭ ಫೆಬ್ರವರಿ ೧೯೮೬

ಬೆರಿಲ್,

ನಿನ್ನ ಪತ್ರಿಕೆ ಈ ಮನೆಗೆ ಬರುವುದಿಲ್ಲ. ಕೇಳಿದ್ದಕ್ಕೆ ಉತ್ತರ ಅಷ್ಟೆ. ಹೆಣ್ಣುಮಗಳು ಪದಬಂಧದ ಮೇಲೆ ಮುಳ್ಳುಹಂದಿ ಎಂದು ಹೆಸರಿಟ್ಟುಕೊಂಡರೆ ಹೆತ್ತವಳು ಅದನ್ನು ಊರೆಲ್ಲ ಹೇಳಿಕೊಂಡು ತಿರುಗಬೇಕೆ?

ಮೋಸದ ಮಾತು ನನಗೆ ಹೇಳಿಕೊಡಬೇಡ. ನಾನು ಹೈಸ್ಕೂಲು ದಾಟಿದವಳಲ್ಲ, ಆದರೆ ಅಂಬಿಗನ ಒಂದೊಂದು ಸುಳಿವನ್ನೂ ಮೊದಲು ಜರಡಿ ಹಿಡಿದವಳು ನಾನು. ನಮ್ಮ ಔಷಧಿ ಅಂಗಡಿಯ ಕೌಂಟರಿಗೆ ಪ್ರತಿ ಶುಕ್ರವಾರ ಬೆಳಿಗ್ಗೆ ಆ ನಿವೃತ್ತ ಕ್ಯಾಪ್ಟನ್ ಬರುತ್ತಿದ್ದದ್ದು ನೆನಪಿದೆಯೆ? ಕೆಮ್ಮಿನ ಸಿರಪ್ಪು ಕೇಳಲು ಬಂದವರು ಪತ್ರಿಕೆಯನ್ನು ನನ್ನ ಮುಂದೆ ಬಡಿಯುತ್ತಿದ್ದರು. "ಈ ಅಂಬಿಗ ಅನ್ನೋ ಬಡವ ಕೈಗೆ ಸಿಕ್ಲಿ, ದೋಣಿ ಸಮೇತ ಮುಳುಗಿಸ್ತೀನಿ ಕಣ್ರೀ ಮಿಸೆಸ್ ಕ್ರಾಬ್‌ಟ್ರೀ!" ನಿನ್ನ ಅಪ್ಪ ಹಿಂದೆ ಮಾತ್ರೆ ಎಣಿಸುತ್ತ ಕೆಮ್ಮುವ ಹಾಗೆ ನಗುತ್ತಿದ್ದರು. "ಮುಳುಗ್ಸಿ ಕ್ಯಾಪ್ಟನ್, ಯಾರು ಬೇಡ ಅಂದ್ರು? ದಿನಕ್ಕೆ ಮೂರು ಸಲ, ಊಟ ಆದ್ಮೇಲೆ" ಎಂದು ನಾನು ಸೀಸೆ ಕೊಡುತ್ತಿದ್ದೆ. ಕ್ಯಾಪ್ಟನ್ ತೀರಿಕೊಳ್ಳುವವರೆಗೆ ನಾವು ಹೇಳಲಿಲ್ಲ. ಇಷ್ಟು ವರ್ಷ ಯಾರಿಗೂ ಹೇಳಲಿಲ್ಲ. ನನ್ನ ಗಂಡನ ಹೆಸರು ಊರಿನ ಅರ್ಧ ಜನರ ಬಾಯಲ್ಲಿತ್ತು, ನಾನು ಬಾಯಿ ಮುಚ್ಚಿಕೊಂಡಿದ್ದೆ. ಅದರ ಹೆಮ್ಮೆ ನನಗೆ ಸಾಕಾಗಿತ್ತು.

ನಿನ್ನೆ ಅವರು ಅಡುಗೆಮನೆಯ ಬಾಗಿಲಲ್ಲಿ ನಿಂತು "ಎಸ್ತರ್, ಬಂದಿದ್ದು ಯಾತಕ್ಕೆ ನಾನು?" ಎಂದರು. "ಚಮಚಕ್ಕೆ" ಎಂದೆ. ಸುಳ್ಳೇ. ಚಮಚ ತೆಗೆದುಕೊಂಡು ಖುಷಿಯಾಗಿ ಹೋದರು. ನೀನು ಬಂದು ಒಂದು ದಿನ ಈ ಮನೆಯಲ್ಲಿದ್ದು ಆಮೇಲೆ ಸುಳ್ಳು ಯಾವುದು, ಮೋಸ ಯಾವುದು ಎಂದು ನನಗೆ ಪಾಠ ಹೇಳು.

ವಾಪಸು ಬಂದದ್ದನ್ನು ಇದರೊಡನೆ ಇಟ್ಟಿದ್ದೇನೆ. ಅವರ ಕೈಬರಹವನ್ನಾದರೂ ನೋಡು.

ಎಸ್ತರ್ ಕ್ರಾಬ್‌ಟ್ರೀ


ನಾರಿಚ್
೯ ಮಾರ್ಚ್ ೧೯೮೬

ಅಮ್ಮ,

ಸರಿಪಡಿಸಿದ್ದೇನೆ. ಟೈಪ್ ಮಾಡಿದೆ, ನೀನು ಅವರ ಲಕೋಟೆಯಲ್ಲಿ ಹಾಕಿ ಕಳಿಸು.

ಅವರ ಸುಳಿವುಗಳನ್ನು ಆದಷ್ಟೂ ಮುಟ್ಟಿಲ್ಲ. ಮೇಲಿನ ಮೂಲೆ ಪೂರಾ ಅವರದೇ, ಬಂಗಾರದಂಥ ಕೆಲಸ. ಕೆಳಗೆ ಬರುಬರುತ್ತ ದಾರಿ ತಪ್ಪಿದೆ. ಒಂದು ಸುಳಿವು ಅರ್ಧಕ್ಕೇ ನಿಂತಿದೆ, ಪೆನ್ಸಿಲ್ಲಿನ ಗುರುತು ಒಂದೇ ಜಾಗದಲ್ಲಿ ಒತ್ತಿ ಒತ್ತಿ ಕಾಗದ ತೂತಾಗಿದೆ. ಆ ತೂತಿನ ಮುಂದೆ ತುಂಬ ಹೊತ್ತು ಕೂತಿದ್ದೆ.

ರಿಪೇರಿ ಮಾತ್ರ ಮಾಡುತ್ತೇನೆ. ಪೂರ್ತಿ ಕಟ್ಟಿಕೊಡುವುದಿಲ್ಲ.

ಬೆರಿಲ್


ಮೋರ್ಕಮ್
೨೩ ಮೇ ೧೯೮೬

ಬೆರಿಲ್,

ನೀನು ಸರಿಪಡಿಸಿದ್ದು ನಿನ್ನೆ ಅಚ್ಚಾಯಿತು. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ನಿನ್ನ ಅಪ್ಪ ಪತ್ರಿಕೆ ಬಿಡಿಸಿ ಹೆಸರು ನೋಡಿದರು. "ಅಂಬಿಗ" ಎಂದು ಗಟ್ಟಿಯಾಗಿ ಓದಿದರು. ಆಮೇಲೆ ಕನ್ನಡಕ ಏರಿಸಿಕೊಂಡು, ಪೆನ್ಸಿಲ್ ತೆಗೆದುಕೊಂಡು ಬಿಡಿಸಲು ಕೂತರು. ತಾವು ಕಟ್ಟಿದ್ದನ್ನು ಯಾರಾದರೂ ಬಿಡಿಸುತ್ತಾರೆಯೆ? ಅವರು ಬಿಡಿಸಿದರು. ಅಂಬಿಗ ಯಾರೋ ಬೇರೆಯವನು ಎನ್ನುವ ಹಾಗೆ ಹುಬ್ಬು ಗಂಟಿಕ್ಕಿದರು, ಮೇಜು ಗುದ್ದಿದರು, ನಕ್ಕರು. ಮಧ್ಯಾಹ್ನದ ಊಟಕ್ಕೆ ಕರೆದರೆ "ತಡಿಯೇ, ಈ ಖದೀಮನ್ನ ಮೊದಲು ಹಿಡೀತೀನಿ" ಎಂದರು.

ಕೆಳಗಿನ ಎಡಮೂಲೆಯೊಂದು ಖಾಲಿ ಉಳಿಯಿತು. ಅದು ನಿನ್ನ ಮೂಲೆ ಎಂದು ನನಗೆ ಗೊತ್ತಿತ್ತು. ಚಹಾದ ಹೊತ್ತಿಗೆ ಅದೂ ಬಿತ್ತು. ಅವರು ಪೆನ್ಸಿಲ್ ಕೆಳಗಿಟ್ಟರು. ಆಮೇಲೆ ಹೇಳಿದರು: "ಈ ಮೂಲೆ ಕತ್ತರಿಸಿ ನಮ್ಮ ಬೆರಿಲ್‌ಗೆ ಕಳ್ಸು. ಸುಳಿವು ಹೇಗೆ ಕಟ್ಬೇಕು ಅಂತ ನೋಡಿ ಕಲೀಲಿ. ಹುಡುಗಿಗೆ ಕೈ ಇದೆ, ತಾಳ್ಮೆ ಇಲ್ಲ."

ಕತ್ತರಿಸಿದ್ದು ಇದರಲ್ಲಿದೆ. ಕಳಿಸು ಎಂದರು, ಕಳಿಸಿದ್ದೇನೆ.

ಇನ್ನು ರಿಪೇರಿಗೆ ಏನೂ ಬರುವುದಿಲ್ಲ. ಅವರು ಈಗ ಚೌಕದ ಗೆರೆ ಮಾತ್ರ ಹಾಕುತ್ತಾರೆ. ಮನೆಗಳನ್ನೆಲ್ಲ ಕಪ್ಪು ತುಂಬುತ್ತಾರೆ, ಬಿಳಿ ಬಿಡುವುದನ್ನು ಮರೆಯುತ್ತಾರೆ. ಏನು ಮಾಡಬೇಕೋ ನೀನೇ ಯೋಚಿಸು. ನಾನು ಹೇಳುವುದಿಲ್ಲ.

ಎಸ್ತರ್


ನಾರಿಚ್
೮ ಜೂನ್ ೧೯೮೬

ಅಮ್ಮ,

ಎರಡು ಕಳಿಸಿದ್ದೇನೆ. ಪೂರ್ತಿ ನಾನೇ ಕಟ್ಟಿದ್ದು. ಹೆಸರು ಅಂಬಿಗನದೇ.

ಕಟ್ಟುವಾಗ ಅಪ್ಪನಂತೆ ಬರೆಯಲು ನೋಡಿದೆ. ಅವರು ಇಲ್ಲಿ ಏನು ಮಾಡುತ್ತಿದ್ದರು, ಇದನ್ನು ಒಪ್ಪುತ್ತಿದ್ದರೆ ಇಲ್ಲವೆ, ಎಂದು ಕೇಳಿಕೊಳ್ಳುತ್ತ. ಎರಡನೆಯದರ ಹೊತ್ತಿಗೆ ಆ ಕಷ್ಟ ಬೇಕಾಗಲಿಲ್ಲ. ನನ್ನ ಕೈ ಯಾವುದು, ಅವರದು ಯಾವುದು ಎಂದು ನನಗೇ ಬಿಡಿಸಲಾಗುತ್ತಿಲ್ಲ. ಇಷ್ಟು ವರ್ಷ ಅವರಿಂದ ದೂರ ಹೋಗಿದ್ದೇನೆ ಎಂದುಕೊಂಡಿದ್ದೆ.

ನಾನು ಬರಲೆ? ಶನಿವಾರದ ರೈಲಿಗೆ ಬಂದು ಭಾನುವಾರ ಹೊರಡುತ್ತೇನೆ. ಜಗಳ ಆಡುವುದಿಲ್ಲ. ಅಪ್ಪ ಬಿಡಿಸುವಾಗ ಪಕ್ಕದಲ್ಲಿ ಕೂತಿರುತ್ತೇನೆ, ಅಷ್ಟೆ.

ಬೆರಿಲ್


ಮೋರ್ಕಮ್
೨ ಜುಲೈ ೧೯೮೬

ಬೆರಿಲ್,

ಪದಬಂಧಗಳು ಸೋವರ್‌ಬಿಯವರಿಗೆ ಹೋದವು. ಎರಡನ್ನೂ ನಾನು ಮೊದಲು ಬಿಡಿಸಿದೆ. ಒಂದರಲ್ಲಿ ಮೋಸದ ಸುಳಿವೊಂದಿತ್ತು, ತಿದ್ದಿದ್ದೇನೆ. ಇನ್ನೊಂದರಲ್ಲಿ ಮಾತಾಡುವ ಹಾಗೆ ಏನೂ ಇಲ್ಲ.

ಈಗ ಬರುವುದು ಬೇಡ. ಅವರಿಗೆ ಹೊಸಬರನ್ನು ಕಂಡರೆ ಗಾಬರಿಯಾಗುತ್ತದೆ.

ಸಿಗಡಿ ಈ ವರ್ಷ ಚೆನ್ನಾಗಿ ಬಂದಿದೆ. ಬೆಣ್ಣೆಯಲ್ಲಿ ಹಾಕಿ ಒಂದು ಭರಣಿ ಕಳಿಸಿದ್ದೇನೆ. ಬೇಗ ತಿನ್ನು, ಬೇಸಿಗೆಯಲ್ಲಿ ಕೆಡುತ್ತದೆ.

ಎಸ್ತರ್


ಮೋರ್ಕಮ್
೨೮ ಆಗಸ್ಟ್ ೧೯೮೬

ಬೆರಿಲ್,

ಜುಲೈನಿಂದ ನಿನ್ನ ಲಕೋಟೆಗಳು ಬರುತ್ತಿವೆ, ಒಳಗೆ ಪದಬಂಧ ಬಿಟ್ಟು ಒಂದು ಸಾಲೂ ಇಲ್ಲ. ಭರಣಿ ಮುಟ್ಟಿತೋ ಇಲ್ಲವೋ ಎಂದಾದರೂ ಬರೆಯಬಹುದಿತ್ತು.

ಅವರು ಈಗ ಪೂರ್ತಿ ಬಿಡಿಸುವುದಿಲ್ಲ. ನಾನು ಸುಳಿವು ಓದುತ್ತೇನೆ, ಅವರು ಕೇಳುತ್ತಾರೆ. ಒಂದೊಂದಕ್ಕೆ ತಲೆದೂಗುತ್ತಾರೆ. ಉತ್ತರ ಹೊಳೆದು ತಲೆದೂಗುವುದೋ, ನನ್ನ ದನಿ ಕೇಳಿ ದೂಗುವುದೋ ಹೇಳಲಾರೆ. ಗುರುವಾರವನ್ನೂ ಮರೆತಿದ್ದಾರೆ. ನಾನೇ ನೆನಪು ಮಾಡುತ್ತೇನೆ.

ಕಳಿಸುವುದನ್ನು ನಿಲ್ಲಿಸಬೇಡ.

ಅಮ್ಮ


ಮೋರ್ಕಮ್
೧೦ ನವೆಂಬರ್ ೧೯೮೬

ಬೆರಿಲ್,

ನಿನ್ನ ಅಪ್ಪನ ಮಣ್ಣಿನ ದಿನ ಜನರ ನಡುವೆ ನಿನ್ನ ಜೊತೆ ನಾಲ್ಕು ಮಾತಾಡಲು ಆಗಲಿಲ್ಲ. ಸ್ಟೇಷನ್ನಿಗೆ ಬಿಡಲು ಬರಬೇಕೆಂದಿದ್ದೆ. ಚಹಾ ಲೋಟಗಳನ್ನು ತೊಳೆದು ತಲೆ ಎತ್ತುವಷ್ಟರಲ್ಲಿ ನೀನು ಹೊರಟಿದ್ದೆ.

ಕಳೆದ ಗುರುವಾರ ಪತ್ರಿಕೆಯವರು ಪದಬಂಧದ ಕೆಳಗೆ ಹಾಕಿದ್ದಾರೆ: ಅಂಬಿಗ ಎಂಬ ಹೆಸರಿನಲ್ಲಿ ಬರೆಯುತ್ತಿದ್ದವರು ಮೋರ್ಕಮ್‌ನ ಹೆರಾಲ್ಡ್ ಕ್ರಾಬ್‌ಟ್ರೀ, ಔಷಧಿ ಅಂಗಡಿಯವರು, ತೀರಿಕೊಂಡಿದ್ದಾರೆ ಎಂದು. ಪದಬಂಧ ಕಟ್ಟುವವರ ಪದ್ಧತಿ ಅದೇ ತಾನೆ, ಸತ್ತ ಮೇಲೆಯೇ ನಿಜವಾದ ಹೆಸರು. ಅಂದಿನಿಂದ ಅಂಚೆಯವನು ಕಟ್ಟು ಕಟ್ಟಾಗಿ ತಂದು ಹಾಕುತ್ತಿದ್ದಾನೆ. ಲೈಟ್‌ಹೌಸ್ ಕಾಯುವವನೊಬ್ಬ, ಆಸ್ಪತ್ರೆಯ ನರ್ಸ್ ಒಬ್ಬಳು, ಕುರುಡರಾದ ಒಬ್ಬ ಜಡ್ಜು. ಅವರಿಗೆ ಹೆಂಡತಿ ಓದಿ ಹೇಳುತ್ತಿದ್ದರಂತೆ. ಎಲ್ಲರೂ ಸ್ವಂತ ಮನೆಯವರು ಹೋದ ಹಾಗೆ ಬರೆದಿದ್ದಾರೆ.

ಮುಕ್ಕಾಲು ಪತ್ರಗಳಲ್ಲಿ ಒಂದೇ ಮಾತು: ಕೊನೆಯ ಬೇಸಿಗೆಯ ಪದಬಂಧಗಳೇ ಅಂಬಿಗನ ಅತ್ಯುತ್ತಮ ಕೆಲಸ, ದೀಪ ಆರುವ ಮುಂಚೆ ಉರಿದ ಹಾಗೆ.

ಅವು ನಿನ್ನವು. ಸೋವರ್‌ಬಿಯವರಿಗೆ ಬರೆದು ಹಾಗೆಂದು ಅಚ್ಚು ಹಾಕಿಸುತ್ತೇನೆ.

ಅಮ್ಮ


ನಾರಿಚ್
೧೪ ನವೆಂಬರ್ ೧೯೮೬

ಅಮ್ಮ,

ದಯವಿಟ್ಟು ಬೇಡ.

ಫೆಬ್ರವರಿಯಲ್ಲಿ ನಾನೇ ದೊಡ್ಡದಾಗಿ ಬರೆದಿದ್ದೆ, ಗೊತ್ತಿದೆ. ಆದರೆ ಈಗ ಯಾರಿಗೇನು ಲಾಭ? ಜನ ಸಿಟ್ಟಾಗುತ್ತಾರೆ. ಯಾವುದು ಅಂಬಿಗನದು, ಯಾವುದಲ್ಲ ಎಂದು ಹಳೆಯವನ್ನೆಲ್ಲ ಅನುಮಾನಿಸುತ್ತಾರೆ. ಅಪ್ಪನ ಕಾಯಿಲೆ ಊರ ಬಾಯಿಗೆ ಬೀಳುತ್ತದೆ. ನೀನು ಇಷ್ಟು ಕಷ್ಟಪಟ್ಟು ಮುಚ್ಚಿಟ್ಟದ್ದು ಅದನ್ನೇ ಅಲ್ಲವೆ?

ಆ ಪದಬಂಧಗಳು ಅಪ್ಪನ ಹೆಸರಿನಲ್ಲೇ ಇರಲಿ. ನಾನು ಅವರಿಗೆ ಕೊಟ್ಟದ್ದು ಬೇರೇನೂ ಇಲ್ಲ. ಅವರು ಒಂದು ದಿನವೂ ನನ್ನನ್ನು ಓದಲಿಲ್ಲ ಎಂಬುದು ನನಗೆ ಅಭ್ಯಾಸವಾಗಿಹೋಗಿದೆ. ಈಗ ಜನ ಓದಿ ಅದು ಅವರದು ಎನ್ನುತ್ತಿದ್ದಾರಲ್ಲ, ಸಾಕು.

ಬೆರಿಲ್


ಮೋರ್ಕಮ್
೧೨ ಡಿಸೆಂಬರ್ ೧೯೮೬

ಬೆರಿಲ್,

ನಿನ್ನ ಪತ್ರ ಬರುವ ಮೊದಲೇ ನನ್ನದು ಸೋವರ್‌ಬಿಯವರಿಗೆ ಹೋಗಿತ್ತು. ಮೊದಲು ಬಂದಿದ್ದರೂ ಕಳಿಸುತ್ತಿದ್ದೆ. ಅವರಿಗೆ ಜೂನ್‌ನಲ್ಲೇ ಅನುಮಾನ ಬಂದಿತ್ತಂತೆ, ಬಾಯಿಬಿಡಲು ಮನಸ್ಸು ಬರಲಿಲ್ಲವಂತೆ. ನಿನ್ನೆ ಅಚ್ಚಾಗಿದೆ: ಕಳೆದ ಜೂನ್‌ನಿಂದ ಅಂಬಿಗನ ಹೆಸರಿನಲ್ಲಿ ಬಂದವೆಲ್ಲ ಅವರ ಮಗಳು ಬೆರಿಲ್ ಕ್ರಾಬ್‌ಟ್ರೀ ಕಟ್ಟಿದ್ದು, ಬೇರೊಂದು ಪತ್ರಿಕೆಯ ಓದುಗರು ಆಕೆಯನ್ನು ಮುಳ್ಳುಹಂದಿ ಎಂದು ಬಲ್ಲರು, ಎಂದು. ಬೈಯುವವರು ಬೈಯಲಿ. ಲಕೋಟೆಗಳು ನನ್ನ ವಿಳಾಸಕ್ಕೆ ಬರುತ್ತವೆ, ನಾನು ನೋಡಿಕೊಳ್ಳುತ್ತೇನೆ. ತಮ್ಮದಲ್ಲದ ಕೆಲಸಕ್ಕೆ ಶಹಬ್ಬಾಸ್ ಪಡೆಯುವವರಲ್ಲ ನಿನ್ನ ಅಪ್ಪ.

ಇನ್ನೊಂದು ಮಾತಿದೆ. ಮಣ್ಣಿನ ದಿನವೇ ಹೇಳಬೇಕಿತ್ತು, ಬಾಯಿ ಬರಲಿಲ್ಲ. ಫೋನಿನಲ್ಲಿ ಹೇಳುವಂಥದ್ದಲ್ಲ.

ಸೆಪ್ಟೆಂಬರ್ ಕೊನೆಯ ಗುರುವಾರ ನಾನು ಸುಳಿವುಗಳನ್ನು ಓದಿ ಮುಗಿಸಿದೆ. ಅವರು ಕಿಟಕಿಯ ಹತ್ತಿರ ಕೂತಿದ್ದರು, ಕೊಲ್ಲಿಯ ನೀರು ಹಿಂದೆ ಸರಿದಿತ್ತು. ಆ ದಿನ ಅವರ ಮುಖ ತಿಳಿಯಾಗಿತ್ತು. "ಚೆನ್ನಾಗಿ ಕಟ್ಟಿದಾನೆ" ಎಂದರು. ಇನ್ನು ಎಷ್ಟು ಗುರುವಾರ ಎಂದು ನನಗೆ ಅನ್ನಿಸಿತು. ಹೇಳಿಬಿಟ್ಟೆ.

"ಅದು ಕಟ್ಟಿದ್ದು ನಮ್ಮ ಬೆರಿಲ್."

ನನ್ನ ಮುಖ ನೋಡಿದರು. "ಯಾವ ಬೆರಿಲ್?"

ನಿನ್ನನ್ನು ಮನೆಗೆ ಬರಬೇಡ ಎಂದದ್ದು ಈ ಒಂದು ಮಾತಿಗೆ ಹೆದರಿ. ಅದನ್ನು ನಾನು ಕೇಳಿಸಿಕೊಂಡೆ. "ಮುಳ್ಳುಹಂದಿ" ಎಂದೆ.

ಅವರ ಮುಖವೆಲ್ಲ ಬಿರಿಯಿತು. "ಓ, ಮುಳ್ಳುಹಂದಿನಾ! ಮೊದ್ಲೇ ಹೇಳ್ಬಾರ್ದಾ? ಅವನು ಗಟ್ಟಿ ಆಸಾಮಿ ಕಣೇ. ಲೈಬ್ರರೀಲಿ ಪ್ರತಿ ಶನಿವಾರ ನನಗೂ ಅವನಿಗೂ ಕುಸ್ತಿ. ಒಂದು ಸಲ ಗೆದ್ದ ನೋಡು, ಮನೆವರೆಗೂ ನಕ್ಕೊಂಡು ಬಂದೆ." ಆಮೇಲೆ ನಿನ್ನ ಸುಳಿವುಗಳನ್ನು ಹೇಳತೊಡಗಿದರು, ಒಂದಾದ ಮೇಲೊಂದು, ಪದ ತಪ್ಪದೆ. ಯಾವ ವರ್ಷದವೋ ನನಗೆ ತಿಳಿಯದು. ನಾನು ಕೇಳಿದವಳಲ್ಲ. ಶನಿವಾರ ಅವರು ಲೈಬ್ರರಿಗೆ ಹೋಗುತ್ತಿದ್ದದ್ದು ಗೊತ್ತಿತ್ತು, ಪುಸ್ತಕ ಬದಲಿಸಲು ಎಂದುಕೊಂಡಿದ್ದೆ. ಮನೆಯಲ್ಲಿ ಯಾಕೆ ಹೇಳಲಿಲ್ಲ ಎಂದು ನಾನು ಕೇಳಲಿಲ್ಲ.

"ಅವನಲ್ಲ, ಅವಳು" ಎಂದೆ.

"ಹೌದಾ? ಹೆಣ್ಣುಮಗಳಾ?" ಪತ್ರಿಕೆಯನ್ನು ನನ್ನ ಕೈಯಿಂದ ತೆಗೆದುಕೊಂಡರು. "ಅವರಪ್ಪನಿಗೆ ಗೊತ್ತಾ ಎಸ್ತರ್, ಮಗಳು ಇಷ್ಟು ಚೆನ್ನಾಗಿ ಕಟ್ತಾಳೆ ಅಂತ?"

"ಗೊತ್ತು" ಎಂದೆ.

ಅಮ್ಮ